ಹುರುಳಿಯಲ್ಲಿ ಸಿಕ್ಕ ಅಂಗಿ ಗುಂಡಿ

ಚಿತ್ರಕ್ಕೆ ಕಥೆ ಬೇಕೋ ಬೇಡವೋ ಎಂದು ಹಾಸನದ ಒಂದು ಕಚೇರಿಯ ಮಹಡಿಯಲ್ಲಿ ಬೆಳಿಗ್ಗೆಯೆಲ್ಲ ಜಗಳವಾಡಿ, ಸೋಲದೆ ಗೆಲ್ಲದೆ, ನಾನು ಆ ಕೆಲಸ ಒಪ್ಪಿಕೊಂಡೆ. ಕೆಲಸ ಇಷ್ಟೇ. ನಮ್ಮ ಕಡೆ ಸುಗ್ಗಿ ಬಂತೆಂದರೆ ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಪುಕ್ಕಟೆಯಾಗಿ ಅವುಗಳ ಮೇಲೆ ಓಡಾಡಿ ಕಾಳು ಉದುರಿಸಿಕೊಡುತ್ತವೆ. ಸಂಜೆಗೆ ಗುಡಿಸಿಕೊಂಡರೆ ಒಕ್ಕಣೆ ಮುಗಿಯಿತು. ದ್ವಿಚಕ್ರ ವಾಹನದವನಿಗೆ ಮಾತ್ರ ಆ ಬಳ್ಳಿ ಎಣ್ಣೆ ಸುರಿದ ನೆಲವಿದ್ದಂತೆ. ಇದನ್ನು ಬಿಡಿ ಎಂದು ಹೇಳಲು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹಾಸನ, ಹೀಗೆ ತಾಲ್ಲೂಕಿಗೊಂದು ಗೋಡೆಗೆ ದೊಡ್ಡ ಚಿತ್ರ ಬರೆಯಿಸಬೇಕೆಂದು ಒಂದು ಸ್ವಯಂಸೇವಾ ಸಂಸ್ಥೆ ಹೊರಟಿತ್ತು. ಬರೆಯಲು ಹಾಸನದ ಒಬ್ಬ ಚಿತ್ರಗಾರ. ಏನು ಬರೆಯಬೇಕು, ಯಾವ ಮಾತು ಹಾಕಬೇಕು, ಬರೆದದ್ದು ಜನರ ತಲೆಗೆ ಹೋಯಿತೋ ಇಲ್ಲವೋ ನೋಡುವುದು ನನ್ನ ಪಾಲು.

ಸಂಸ್ಥೆಯ ಸಂಯೋಜಕರ ನಿಲುವು: ಜನ ಮಾಹಿತಿ ಮರೆಯುತ್ತಾರೆ, ಕಥೆ ಮರೆಯುವುದಿಲ್ಲ. ನನ್ನ ನಿಲುವು: ಕಥೆ ಎಂದರೆ ಪಾಟೀಸವಾಲು ಹಾಕಲಾಗದ ಸಾಕ್ಷಿ. ಅಳಿಸಿ ಒಪ್ಪಿಸುವುದಕ್ಕೂ ಹೆದರಿಸಿ ಒಪ್ಪಿಸುವುದಕ್ಕೂ ಏನು ವ್ಯತ್ಯಾಸ? ಕಾನೂನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಎದುರಾಳಿ ಕಣ್ಣೀರಿನ ಉದಾಹರಣೆ ತೆಗೆದ ಕೂಡಲೇ ಅವನ ಬಳಿ ವಾದ ಮುಗಿದಿದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದವಳು ನಾನು. ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುತ್ತಾ ಕುಳಿತಿದ್ದ ಚಿತ್ರಗಾರ ಕೊನೆಗೆ, “ಲಾಯರಮ್ಮ, ಗೋಡೆ ಯಾವ ಕಡೆಗೈತೆ ಅಂತ ಮೊದ್ಲು ಏಳಿ. ಪಡುವಣ ಬಿಸ್ಲು ಬಿದ್ರೆ ಕೆಂಪು ನಿಲ್ಲಲ್ಲ,” ಎಂದ. ಇಡೀ ಸಭೆಯಲ್ಲಿ ಉಪಯೋಗಕ್ಕೆ ಬಂದ ಮಾತು ಅದೊಂದೇ.

ಹೊಳೆನರಸೀಪುರದ ಗೋಡೆ ನನ್ನ ಪ್ರಕಾರ ಆಯಿತು. ಹಳದಿ ಹಿನ್ನೆಲೆ, ಮೇಲಿಂದ ನೋಡಿದಂತೆ ರಸ್ತೆ, ಬಳ್ಳಿ ಎಲ್ಲಿ, ಚಕ್ರ ಎಲ್ಲಿ ಜಾರುತ್ತದೆ ಎಂದು ತೋರಿಸುವ ಬಾಣ, ಕೆಳಗೆ ಕಾನೂನು ಏನು ಹೇಳುತ್ತದೆ ಎಂಬ ಎರಡು ಸಾಲು. ಒಂದೇ ಒಂದು ಉತ್ಪ್ರೇಕ್ಷೆ ಇರಲಿಲ್ಲ. ಬಣ್ಣ ಒಣಗಿ ಸ್ವಲ್ಪ ದಿನ ಕಳೆದ ಮೇಲೆ ಪರೀಕ್ಷೆಗೆ ಹೋದೆ. ಪರೀಕ್ಷೆ ನಾನೇ ಕಟ್ಟಿದ್ದು: ಗೋಡೆಗೆ ಬೆನ್ನು ಹಾಕಿ ಬಸ್ಸಿಗೆ ಕಾಯುತ್ತಿರುವವರ ಎದುರು ನಿಂತು, ಹಿಂದೆ ಏನು ಬರೆದಿದೆ ಹೇಳಿ ಎಂದು ಕೇಳುವುದು. ಒಬ್ಬರು ಸಿಮೆಂಟಿನ ಜಾಹೀರಾತು ಎಂದರು. ಇನ್ನೊಬ್ಬರು ಜನಗಣತಿ ಎಂದರು. ದಿನವೂ ಅಲ್ಲೇ ಬಸ್ಸು ಹತ್ತುವ ಒಬ್ಬ ಮೇಷ್ಟರು ಬಹಳ ಹೊತ್ತು ಯೋಚಿಸಿ, “ಹಳದಿ,” ಎಂದರು.

ಅರಕಲಗೂಡಿನದು ಸಂಯೋಜಕರ ಸರದಿ. ಬಿದ್ದ ಬೈಕು, ರಕ್ತ, ಹೆಣದ ಮೇಲೆ ಬಿದ್ದು ಅಳುವ ಹೆಂಡತಿ, ಅಪ್ಪನ ಚಪ್ಪಲಿ ಹಿಡಿದು ನಿಂತ ಮಗು. ಚಿತ್ರಗಾರ ಮನಸ್ಸಿಟ್ಟು ಬರೆದಿದ್ದ. ಮಗುವಿನ ಮುಖ ನೋಡಲು ನಾನೂ ಎರಡು ಸಲ ಹಿಂದೆ ಬಂದೆ. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ಬೆನ್ನು ಹಾಕಿದವರೆಲ್ಲ ಚಪ್ಪಲಿಯ ಬಣ್ಣ ಸಮೇತ ಹೇಳಿದರು. ಸಂಯೋಜಕರು ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಆದರೆ ಮುಂದಿನ ವಾರ ಹೋದಾಗ ಚಿತ್ರದ ಮುಕ್ಕಾಲು ಭಾಗ ನೀಲಿ ಟಾರ್ಪಾಲಿನ ಹಿಂದೆ ಇತ್ತು. ಪಕ್ಕದ ಟೀ ಅಂಗಡಿಯವನು ಕಟ್ಟಿದ್ದ. ಬೆಳಗಾಗೆದ್ದು ಹೆಣ ನೋಡಿಕೊಂಡು ಟೀ ಕುಡಿಯಿರಿ ಎಂದರೆ ಯಾರು ಬರುತ್ತಾರೆ ಎಂದು ಅವನೇ ನಮ್ಮನ್ನು ಕೇಳಿದ. ಆಮೇಲೆ ಕುತೂಹಲದಿಂದ, “ಇವ್ನು ಯಾವೂರೋನು ಸಾ?” ಎಂದ. ಚಿತ್ರಗಾರ, ಯಾವ ಊರಿನವನೂ ಅಲ್ಲ, ಸುಮ್ಮನೆ ಬರೆದದ್ದು ಎಂದ. “ಅಂಗಾದ್ರೆ ಸತ್ತಿಲ್ಲ ಬುಡಿ,” ಎಂದು ಟೀ ಸೋಸಲು ಹೋದ.

ನನ್ನ ಗೋಡೆಯನ್ನು ಯಾರೂ ನೋಡಲಿಲ್ಲ, ಅವರ ಗೋಡೆಯನ್ನು ಯಾರಿಗೂ ನೋಡಲಾಗಲಿಲ್ಲ. ಇಬ್ಬರೂ ಸಮಸಮ ಸೋತು ಚನ್ನರಾಯಪಟ್ಟಣಕ್ಕೆ ಬಂದೆವು.

ಅಲ್ಲಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ಊರು. ಹೆಸರು ಬೇಡ. ರಸ್ತೆಗೆ ಮುಖ ಮಾಡಿದ ಗೋಡೆಗಳು ಬೇಕಾದಷ್ಟಿದ್ದವು, ಕೊಡುವವರು ಇರಲಿಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡುವವರೇ ಅದರ ವಿರುದ್ಧ ಗೋಡೆ ಏಕೆ ಕೊಟ್ಟಾರು? ಕಡೆಗೆ ಒಬ್ಬಾಕೆ, ಐವತ್ತು ದಾಟಿದ ರೈತ ಹೆಂಗಸು, ನಾವು ಕೇಳುವ ಮುಂಚೆಯೇ, ನಮ್ಮ ಗೋಡೆಗೆ ಬರೆದುಕೊಳ್ಳಿ ಎಂದರು. ಬಸ್ಸು ನಿಲ್ಲುವ ಜಾಗದ ಎದುರಿಗೇ ಇದ್ದ ಮನೆ. ಮೂಡಣ ಮುಖದ, ಕಿಟಕಿಯಿಲ್ಲದ, ಉದ್ದನೆಯ ಗೋಡೆ. ಚಿತ್ರಗಾರನಿಗೆ ಕಣ್ಣು ಅರಳಿತು. ಏಕೆ ಕೊಟ್ಟರು ಎಂದು ಕೇಳುವುದು ನನಗೂ ಹೊಳೆಯಲಿಲ್ಲ. ಒಳ್ಳೆಯ ಗೋಡೆ ಸಿಕ್ಕಿದಾಗ ಪಾಟೀಸವಾಲು ಹಾಕುವವರು ಯಾರು?

ಹಳೆಯ ಸುಣ್ಣ ಪದರ ಪದರವಾಗಿ ಎದ್ದು ಬರುತ್ತಿತ್ತು. ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದೆವು. ಅದು ಒಣಗಿದ ಮೇಲೆ ದಾರಕ್ಕೆ ನೀಲಿ ಪುಡಿ ಸವರಿ, ನಾನೊಂದು ತುದಿ ಅವನೊಂದು ತುದಿ ಹಿಡಿದು ಎಳೆದು ಬಿಟ್ಟು, ಗೋಡೆಯನ್ನು ಚೌಕ ಮಾಡಿದೆವು. ಈ ಸಲದ ನಕ್ಷೆ ರಾಜಿಯದು: ರಕ್ತ ಬೇಡ, ಹೆಣ ಬೇಡ, ಆದರೆ ಜಾರಿ ಬೀಳುತ್ತಿರುವ ಸವಾರ ಇರಲಿ. ರಸ್ತೆಯಂಚಿನಲ್ಲಿ ಬಳ್ಳಿ ತಿರುವುವ ಕವೆಗೋಲು ಹಿಡಿದು, ಬಾಯಿ ತೆರೆದು ನಿಂತ ಒಬ್ಬ ರೈತ ಹೆಂಗಸು ಇರಲಿ. ಚಿತ್ರಗಾರ ಇದ್ದಿಲಿನಲ್ಲಿ ಹೊರಗೆರೆ ಎಳೆದ.

ಊರು ಮಾತು ನಿಲ್ಲಿಸಿದ್ದು ಆವಾಗ. ಅಲ್ಲಿಯವರೆಗೆ ಏಣಿ ಹಿಡಿಯಲು, ಸಲಹೆ ಕೊಡಲು, ನಮ್ಮನ್ನು ಆಡಿಕೊಳ್ಳಲು ಗುಂಪಾಗುತ್ತಿದ್ದವರು ದೂರ ನಿಂತು ನೋಡಿ ಹೋಗತೊಡಗಿದರು. ಸಂಜೆ ಎಳನೀರು ಕೊಚ್ಚುತ್ತಿದ್ದ ಮುದುಕನ ಬಳಿ ಹೋದೆ. ಆತ ಮಚ್ಚು ಕೆಳಗಿಟ್ಟು ಕೇಳಿದ.

“ಅಲ್ಲ ಕಣವ್ವ, ಬರುದ್ ಬರುದು ಆ ಗ್ವಾಡೆ ಮ್ಯಾಲೇ ಅದ್ನ ಬರುದ್ರಾ?”

ವಿಷಯ ಹೊರಬಂತು. ಎರಡು ಸುಗ್ಗಿಯ ಹಿಂದೆ ಅದೇ ಗೋಡೆಯ ಮುಂದೆ, ಅದೇ ಹೆಂಗಸಿನ ಹುರುಳಿಯ ಮೇಲೆ, ಅಕ್ಕಪಕ್ಕದ ಊರಿನ ಒಬ್ಬಾತ ಬೈಕಿನಿಂದ ಜಾರಿ ಬಿದ್ದು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಆಂಬುಲೆನ್ಸು ಆ ಕಡೆ ಹೋಗುತ್ತಲೇ ಊರಿಗೆ ಊರೇ ಇಳಿದು ಬಳ್ಳಿ ಎಳೆದು ಹಾಕಿ ರಸ್ತೆ ಗುಡಿಸಿತ್ತು. ಪೊಲೀಸ್ ಜೀಪು ಬಂದಾಗ ಟಾರು ತೊಳೆದಿಟ್ಟ ಹಾಗಿತ್ತು. ವೇಗವಾಗಿ ಬಂದ, ಬಿದ್ದ ಎಂದು ಕೇಸು ಮುಗಿಯಿತು. ಸತ್ತವನ ಮನೆಯವರಿಗೂ ಇಂದಿಗೂ ಅಷ್ಟೇ ಗೊತ್ತು. ಯಾರ ಹುರುಳಿ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಆಕೆಯದಿತ್ತು, ಮಾರನೆಯ ದಿನ ಯಾರದಾದರೂ ಆಗಬಹುದಿತ್ತು.

ಫೋನಿನಲ್ಲಿ ಸಂಯೋಜಕರಿಗೆ ಹೇಳಿದೆ. ಅವರ ದನಿಯಲ್ಲಿ ಉತ್ಸಾಹ ತುಂಬಿತು. ಇದೇ ಬೇಕಿತ್ತು, ನಿಜವಾದ ಘಟನೆ, ನಿಜವಾದ ಜಾಗ, ಹಾಗೇ ಮುಂದುವರಿಸಿ ಎಂದರು. ಅರಕಲಗೂಡಿನ ಟೀ ಅಂಗಡಿಯವನ ಪ್ರಶ್ನೆಗೆ ಈಗ ಉತ್ತರ ಇದೆಯಲ್ಲ ಎಂದರು. ವಾದವೇನೋ ಸರಿಯಾಗಿಯೇ ಇತ್ತು, ಅದೇ ನನಗೆ ಹೆದರಿಕೆಯಾದದ್ದು. ಆ ಗೆರೆಗಳಲ್ಲಿ ಕವೆಗೋಲು ಹಿಡಿದು ನಿಂತಿದ್ದ ಹೆಂಗಸಿಗೆ ನಾವು ಯಾರ ಮುಖವನ್ನೂ ಕೊಟ್ಟಿರಲಿಲ್ಲ. ಊರು ಆಗಲೇ ಕೊಟ್ಟಿತ್ತು.

ಮರುದಿನ ಬೆಳಿಗ್ಗೆ ಆಕೆಯ ಮಗ ಬಂದ. ಚನ್ನರಾಯಪಟ್ಟಣದ ಸಂತೆಗೆ ತೆಂಗಿನಕಾಯಿ ಸಾಗಿಸುವ ಗೂಡ್ಸ್ ಆಟೋ ಅವನದು. ಇಳಿದವನೇ ಬಾಗಿಲ ಬಳಿಯಿದ್ದ ಸುಣ್ಣದ ಬಕೆಟ್ಟು ಎತ್ತಿಕೊಂಡು ಗೋಡೆಯ ಮುಂದೆ ನಿಂತ. ಎರಚಲಿಲ್ಲ. ನನ್ನನ್ನೇ ನೋಡಿದ.

“ನೀವು ಲಾ ಓದಿದೀರಂತೆ. ಇದುನ್ನ ಏನಂತಾರೆ ಏಳಿ. ತಪ್ಪೊಪ್ಪಿಗೆ ಅಲ್ವಾ? ನಮ್ಮವ್ವನ ಗ್ವಾಡೆ ಮ್ಯಾಲೇ, ನಮ್ಮವ್ವನ ಕೈಲೇ ಬರ್ಸಿದಂಗೆ?”

ಅವನು ಹೇಳಿದ್ದು ಕಾನೂನಿನ ಭಾಷೆಯಲ್ಲೂ ಬಹುಪಾಲು ನಿಜ. ಸತ್ತವನ ಕಡೆಯವರು ಈ ಚಿತ್ರದ ಫೋಟೊ ತೆಗೆದುಕೊಂಡು ಠಾಣೆಗೆ ಹೋದರೆ, ಬೇರೇನೂ ಆಗದಿದ್ದರೂ, ಈ ಹೆಂಗಸನ್ನು ಕೂರಿಸಿ ಕೇಳುವುದಂತೂ ಖಂಡಿತ. ಚಿತ್ರಗಾರ ಏಣಿಯಿಂದ ಇಳಿದು ಬಟ್ಟೆ ತೆಗೆದುಕೊಂಡು, ಹೆಂಗಸಿನ ಆಕೃತಿಯನ್ನು ಒರೆಸಿಬಿಟ್ಟ. ಬೈಕನ್ನೂ ಒರೆಸಿದ. ಗೋಡೆಯಲ್ಲಿ ಬೂದು ಮೋಡ ಉಳಿಯಿತು. ಮಗ ಬಕೆಟ್ಟು ಕೆಳಗಿಟ್ಟ.

“ಅಳ್ಸಿದ್ದು ಯಾರು?” ಎಂದು ಬಾಗಿಲಿಂದ ಆಕೆಯ ದನಿ ಬಂತು. “ಗ್ವಾಡೆ ಕೊಟ್ಟೋಳು ನಾನು. ನನ್ನ ಕೇಳ್ದೆ ಬರುದ್ರಿ, ನನ್ನ ಕೇಳ್ದೆ ಅಳುಸುದ್ರಿ.”

ಮಾತು ಮನೆಯೊಳಗೆ ಹೋಯಿತು. ಮಗ ಹೊಸ್ತಿಲ ಮೇಲೆ ಕಾಲಿಟ್ಟು ನಿಂತೇ ಇದ್ದ. ನಾವು ಆಕೆಯನ್ನು ಕೇಳಬೇಕಾಗಿದ್ದ ಮೊದಲ ಪ್ರಶ್ನೆಯನ್ನು ನಾನು ಆಗ ಕೇಳಿದೆ: ಗೋಡೆ ಏಕೆ ಕೊಟ್ಟಿರಿ? ಆಕೆ ಮೂಲೆಯಲ್ಲಿದ್ದ ಮೊರದ ಕಡೆ ನೋಡಿದರು. ಅಂದು ನೀವು ಕಂಡದ್ದೇನು ಎಂದು ಕೇಳಿದೆ. ಬಿದ್ದದ್ದನ್ನು ನೋಡಲಿಲ್ಲ, ಒಳಗಿದ್ದೆ, ಸದ್ದು ಕೇಳಿ ಬಂದೆ, ಅಷ್ಟೊತ್ತಿಗೆ ಜನ ಸುತ್ತುವರಿದಿದ್ದರು ಎಂದರು. ಬಿದ್ದವನ ಮುಖವನ್ನೂ ನೋಡಲಿಲ್ಲವಂತೆ. ನಾವು ಗೋಡೆಗೆ ಬರೆಯಹೊರಟಿದ್ದ ದೃಶ್ಯವನ್ನು ಆಕೆ ಕಂಡೇ ಇರಲಿಲ್ಲ. ಆಮೇಲೆ ಊರವರು ಬಳ್ಳಿಯನ್ನು ಎಳೆದು ಹಿತ್ತಲಿಗೆ ಹಾಕಿದ್ದು, ಆಕೆ ಅದನ್ನು ಎಷ್ಟೋ ದಿನ ಮುಟ್ಟದೆ ಬಿಟ್ಟದ್ದು, ಮಳೆ ಬಂದೀತೆಂದು ಕಡೆಗೆ ಬಡಿದು ಕೇರಲು ಕೂತದ್ದು, ಇಷ್ಟನ್ನು ನಿಧಾನವಾಗಿ ಹೇಳಿದರು.

“ಮೊರದಲ್ಲಿ ಕಲ್ಲು ಆಯ್ತಿದ್ದೆ. ಕೈಗೆ ಒಂದು ಶರ್ಟ್ ಗುಂಡಿ ಸಿಕ್ತು.”

ಮಗ ತಲೆ ಎತ್ತಿದ. ಅವನಿಗೂ ಇದು ಹೊಸದು ಎಂದು ಮುಖದಲ್ಲಿ ಕಂಡಿತು.

ನನ್ನ ಬಾಯಿಗೆ ಅಭ್ಯಾಸಬಲದಿಂದ ಬಂದದ್ದು, “ಅವರದೇ ಅಂತ ಹೇಗೆ ಹೇಳ್ತೀರಿ?” ಎಂಬ ಪ್ರಶ್ನೆ. ಚಿತ್ರಗಾರ ನನ್ನನ್ನು ಕೆಕ್ಕರಿಸಿ ನೋಡಿದ.

“ಅವ್ರುದೋ, ಎತ್ತಾಕ್ದೋರುದೋ, ಬಸ್ನೋರುದೋ, ನಂಗೇನು ಗೊತ್ತವ್ವ. ಮೊರದಲ್ಲಿ ಸಿಕ್ತು. ಸೆರಗ್ಗೆ ಕಟ್ಕಂಡೆ. ಕೆರೇಲಿ ಬಟ್ಟೆ ಒಗೆಯೋವಾಗ ಎಲ್ಲೋ ಓಯ್ತು. ಆ ವುರುಳಿ ಅಂಗೇ ಐತೆ. ಬಿತ್ತೋಕೂ ಆಗ್ಲಿಲ್ಲ, ಬೇಯ್ಸೋಕೂ ಆಗ್ಲಿಲ್ಲ.”

ನಾನು ಹೊರಗೆ ಬಂದು ಬೂದು ಮೋಡದ ಮುಂದೆ ನಿಂತೆ. ನಮ್ಮ ಬಳಿ ಇದ್ದದ್ದೇನು ಎಂದು ಒಂದೊಂದಾಗಿ ತೂಗಿದೆ. ಸವಾರ ವೇಗವಾಗಿ ಬಂದನೇ? ಗೊತ್ತಿಲ್ಲ. ಬಳ್ಳಿ ಚಕ್ರಕ್ಕೆ ಸುತ್ತಿಕೊಂಡಿತೇ? ನೋಡಿದವರು ಹೇಳುವುದಿಲ್ಲ. ಹೆಂಡತಿ ಅತ್ತಳೇ? ನಾವು ನೋಡಿಲ್ಲ. ಒಬ್ಬ ಹೆಂಗಸು ತನ್ನ ಕೈಯಾರೆ ಮುಟ್ಟಿದ್ದು ಒಂದೇ: ಮೊರ, ಹುರುಳಿ, ಅದರೊಳಗೆ ಇರಬಾರದಾಗಿದ್ದ ಒಂದು ಗುಂಡಿ. ಯಾರದೆಂದು ಆಕೆಯೇ ಆಣೆ ಮಾಡಲಾರದ ಆ ಗುಂಡಿಯಲ್ಲಿ ಸುಳ್ಳಿಗೆ ಜಾಗವೇ ಇರಲಿಲ್ಲ. ಕಥೆಯನ್ನು ಇಷ್ಟು ದಿನ ಸಾಕ್ಷಿಕಟ್ಟೆಯಿಂದ ಇಳಿಸುತ್ತಾ ಬಂದವಳು ನಾನು, ಇದನ್ನು ಇಳಿಸಲು ನನ್ನಿಂದ ಆಗಲಿಲ್ಲ.

ಚಿತ್ರಗಾರನಿಗೆ ಹೇಳಿದೆ: ಮೊರ ಬರಿ. ಗೋಡೆ ತುಂಬ. ಎರಡು ಕೈ. ಮುಖ ಬೇಡ, ರಸ್ತೆ ಬೇಡ, ಬೈಕು ಬೇಡ.

ಒಳಗೆ ಹೋಗಿ ಆಕೆಯನ್ನು ಕೇಳಿದೆವು. ಒಪ್ಪಿದರು. ಮಗ ಒಪ್ಪಲಿಲ್ಲ. ಆದರೆ ಬಕೆಟ್ಟಿಗೂ ಕೈ ಹಾಕಲಿಲ್ಲ. ದಿನವೂ ಟ್ರಿಪ್ಪು ಬಿಟ್ಟು ಎದುರಿನ ಕಲ್ಲುಬೆಂಚಿನ ಮೇಲೆ ಕೂತು, ನಾವು ಮಾತು ತಪ್ಪಿ ಮುಖ ಬರೆದೇವೆಂದು ಕಾಯುತ್ತಿದ್ದ.

ಸಂಯೋಜಕರು ಕಾರಿನಲ್ಲಿ ಬಂದಿಳಿದಾಗ ಮೊರದ ಹೆಣಿಗೆ ಮುಗಿದಿತ್ತು. ಇದೇನು ಧಾನ್ಯದ ಜಾಹೀರಾತೇ ಎಂದರು. ರಸ್ತೆ ಎಲ್ಲಿ, ಸಂದೇಶ ಎಲ್ಲಿ, ಕೆಳಗೆ ಘೋಷಣೆ ಎಲ್ಲಿ? ಬಿಸಿಲಲ್ಲಿ ನಿಂತೇ ವಾದ ನಡೆಯಿತು. ಅವರು ಮಾಹಿತಿಯ ಪರ, ನಾನು ಕಥೆಯ ಪರ. ಹಾಸನದ ಮಹಡಿಯಲ್ಲಿ ಹಿಡಿದಿದ್ದ ಪಕ್ಷಗಳನ್ನು ನಾವಿಬ್ಬರೂ ಯಾವಾಗ ಬದಲಾಯಿಸಿಕೊಂಡೆವೋ ತಿಳಿಯಲಿಲ್ಲ. ಉತ್ತರ ಬರೆದಿಟ್ಟ ಗೋಡೆಗೆ ಜನ ಬೆನ್ನು ಹಾಕುತ್ತಾರೆ, ಹೊಳೆನರಸೀಪುರದಲ್ಲಿ ನೋಡಿದ್ದೇವೆ; ಪ್ರಶ್ನೆ ಬಿಟ್ಟರೆ ಕೇಳಲೇಬೇಕಾಗುತ್ತದೆ, ಕೇಳಿದವರಿಗೆ ಈ ಊರೇ ಹೇಳಬೇಕಾಗುತ್ತದೆ ಎಂದೆ. ಊರು ಹೇಳದಿದ್ದರೆ ಎಂದರು. ಘೋಷಣೆಗೆಂದು ಅಡಿಯಲ್ಲಿ ಒಂದು ಪಟ್ಟಿ ಖಾಲಿ ಬಿಡಬೇಕು, ಒಂದು ತಿಂಗಳು ನೋಡಿ ತೀರ್ಮಾನಿಸುವುದು ಎಂದು ಒಪ್ಪಂದವಾಯಿತು.

ಕಾಳು ಬರೆಯುವುದು ದೊಡ್ಡ ಕೆಲಸ. ಹುರುಳಿಗೆ ಒಂದು ಬಣ್ಣವಿಲ್ಲ. ಕಂದು, ತಿಳಿಗೆಂಪು, ಬೂದಿ, ನಡುನಡುವೆ ಕರಿಕಾಳು. ಚಿತ್ರಗಾರ ಒಂದು ಬೊಗಸೆ ಕಾಳನ್ನು ಹಲಗೆಯ ಮೇಲೆ ಹರಡಿಕೊಂಡು ಅದನ್ನೇ ನೋಡುತ್ತಾ ಅದ್ದಿ ಅದ್ದಿ ಇಟ್ಟ. ಕೈಗಳನ್ನು ಆಕೆಯ ಕೈ ನೋಡಿ ಬರೆಯಲಿಲ್ಲ. ತನ್ನ ತಂಗಿಯ ಕೈ ಎಂದ. ಎಲ್ಲ ಮುಗಿದ ಮೇಲೆ ಬಲಗೈ ಬೆರಳಿನ ತುದಿಯಲ್ಲಿ ಬಿಳಿಯ ಒಂದು ಗುಂಡಿ ಇಟ್ಟ, ನಾಲ್ಕು ತೂತು ಸಮೇತ. ಆ ಕಂದಿನ ನಡುವೆ ಅದು ಬಸ್ಸಿನೊಳಗಿಂದಲೂ ಕಾಣುತ್ತಿತ್ತು.

ಬಸ್ಸಿನವರು ಕೇಳತೊಡಗಿದರು. ಕಿಟಕಿಯಿಂದ ತಲೆ ಹಾಕಿ, ಅದೇನು ಅಲ್ಲಿ ಬೆಳ್ಳಗೆ ಎಂದು. ಊರಿನವರು ಮುಖ ತಿರುಗಿಸುತ್ತಿದ್ದರು. ಗುಂಡಿ ಎನ್ನುತ್ತಿದ್ದರು, ಅಷ್ಟೇ. ಹುರುಳಿಗೆ ಗುಂಡಿ ಹೇಗೆ ಬಂತು ಎಂದರೆ ಬಸ್ಸು ಹೊರಟುಬಿಡಲಿ ಎಂಬಂತೆ ಕಂಡಕ್ಟರನ ಕಡೆ ನೋಡುತ್ತಿದ್ದರು. ಸಂಯೋಜಕರೇ ಸರಿಯೇನೋ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು.

ಮೇಲೊಂದು ಕೈ ವಾರ್ನಿಷ್ ಹೊಡೆಯಲು ನಾವು ಮತ್ತೆ ಹೋದ ದಿನ ಸುಗ್ಗಿ ಶುರುವಾಗಿತ್ತು. ಆಕೆಯ ಮನೆಯ ಮುಂದೆ ರಸ್ತೆ ಖಾಲಿ. ತಿರುವಿನಾಚೆ, ಚಿತ್ರ ಕಾಣದ ಕಡೆ, ಒಬ್ಬ ಗೌಡರು ರಸ್ತೆಯ ಈ ಅಂಚಿಂದ ಆ ಅಂಚಿನವರೆಗೆ ಹುರುಳಿ ಹರಡಿಕೊಂಡು ಕವೆಗೋಲಿನ ಮೇಲೆ ಗಲ್ಲ ಊರಿ ನಿಂತಿದ್ದರು. ಚಿತ್ರಗಾರ ನಕ್ಕ. ನನಗೆ ನಗು ಬರಲಿಲ್ಲ.

ಆಗ ಒಂದು ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಕೈಯಲ್ಲಿ ಊಟದ ಬುತ್ತಿ, ವಯಸ್ಸು ನಲವತ್ತರ ಒಳಗೆ. ರಸ್ತೆ ದಾಟಿ ನೇರವಾಗಿ ಗೋಡೆಯ ಮುಂದೆ ನಿಂತಳು. ಕಲ್ಲುಬೆಂಚಿನಿಂದ ಮಗ ಎದ್ದು ನಿಂತ ರೀತಿ ನೋಡಿಯೇ ಯಾರೆಂದು ನನಗೆ ಗೊತ್ತಾಯಿತು. ಸತ್ತವನ ಹೆಂಡತಿ. ಅವನು ಬಾಗಿಲಿಗೆ ಹೋಗಿ ತಗ್ಗಿದ ದನಿಯಲ್ಲಿ, “ಅವ್ವ, ಒಳೀಕ್ ಓಗು,” ಎಂದ. ತಾಯಿ ಹೊರಗೆ ಬಂದರು.

ಬಂದವಳು ನಮ್ಮೆಲ್ಲರನ್ನೂ ನೋಡಿದಳು. ಗುಂಡಿಯ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ವುರುಳಿ ಯಾರ್ದು?”

ಚಿತ್ರಗಾರ ಬ್ರಷ್ಷು ನೋಡಿದ. ನಾನು ಬಾಯಿ ತೆರೆದೆ. ಇದು ಕೇವಲ ಚಿತ್ರ, ಯಾರದೂ ಅಲ್ಲ ಎನ್ನುವ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಕಾನೂನಿನಲ್ಲಿ ನಿಲ್ಲುವ ವಾಕ್ಯ.

“ನಂದು,” ಎಂದರು ಆಕೆ.

ತಿರುವಿನಲ್ಲಿ ಒಂದು ಟ್ರ್ಯಾಕ್ಟರು ಬಳ್ಳಿಯ ಮೇಲೆ ಹೋದ ಸದ್ದು ಕೇಳಿತು.

“ಗುಂಡಿ ಬೆಳ್ಳಗಿತ್ತಾ?” ಎಂದಳು ಬಂದವಳು.

“ಇಲ್ಲ ಕಣವ್ವ. ಕಂದು. ವುರುಳಿ ಬಣ್ದುದ್ದೇ. ಕಣ್ಗೆ ಕಾಣ್ಲಿಲ್ಲ, ಕೈಗೆ ಸಿಕ್ತು.”

ಪ್ರಶ್ನೆಗಳನ್ನೇ ನಂಬಿದ್ದ ನಾನು ಬಣ್ಣ ಕೇಳಿರಲಿಲ್ಲ. ಶರ್ಟಿನ ಗುಂಡಿ ಎಂದರೆ ಬಿಳಿ ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು. ಬಂದವಳು ಹೌದೆಂಬಂತೆ ತಲೆಯಾಡಿಸಿ ಜಗುಲಿಯ ಅಂಚಿನಲ್ಲಿ ಕೂತಳು. ಕಾಫಿ ಬಣ್ಣದ ಅಂಗಿ, ಹಬ್ಬಕ್ಕೆ ತಾನೇ ತಂದದ್ದು ಎಂದು ಯಾರಿಗೂ ಅಲ್ಲದೆ ಹೇಳಿಕೊಂಡಳು. ಆಸ್ಪತ್ರೆಯಲ್ಲಿ ಕೊಟ್ಟ ಬಟ್ಟೆಯ ಗಂಟಿನಲ್ಲಿ ಅದಕ್ಕೆ ಒಂದು ಗುಂಡಿ ಇರಲಿಲ್ಲ. ಮನೆಯಾಕೆ ಅವಳ ಪಕ್ಕದಲ್ಲಿ, ಒಂದು ಮೊಳ ಬಿಟ್ಟು ಕೂತರು. ಕ್ಷಮೆ ಕೇಳಿದ್ದಾಗಲಿ ಕೊಟ್ಟದ್ದಾಗಲಿ ನಾನು ಕೇಳಲಿಲ್ಲ. ಅಂದು ಸುಣ್ಣದ ಬಕೆಟ್ಟು ಹಿಡಿದು ನಿಂತಿದ್ದ ಮಗ ಎರಡು ಚೊಂಬು ನೀರು ತಂದು ಇಬ್ಬರ ನಡುವೆ ಇಟ್ಟು, ದೂರ ಹೋಗಿ ನಿಂತ.

ಚಿತ್ರಗಾರ ಕಂದು ಬಣ್ಣ ಕಲಸಿದ. ಬಿಳಿಯ ಗುಂಡಿಯ ಮೇಲೆ ಎಳೆಯುವ ಮೊದಲು ಬಂದವಳತ್ತ ತಿರುಗಿ ನೋಡಿದ. ಅವಳು ಬೇಡವೆನ್ನಲಿಲ್ಲ. ಎಳೆದ. ಎರಡು ಹೆಜ್ಜೆ ಹಿಂದೆ ಸರಿದರೆ ಗುಂಡಿ ಕಾಳಿನಲ್ಲಿ ಕಾಣೆಯಾಗುತ್ತಿತ್ತು. ಇನ್ನು ಬಸ್ಸಿನಿಂದ ಕಾಣುವ ಮಾತಿಲ್ಲ. ಸಂಯೋಜಕರಿಗೆ ಏನು ಹೇಳುವುದೆಂದು ನಾನು ಯೋಚಿಸಲೂ ಇಲ್ಲ.

ಎದ್ದು ಹೊರಟವಳು, ಈ ವರ್ಷ ಎಲ್ಲಿ ಬಡಿಯುತ್ತೀರಿ ಎಂದು ಕೇಳಿದಳು. ಹಿತ್ತಲಲ್ಲಿ, ಕೋಲಿನಲ್ಲಿ ಎಂದರು ಈಕೆ. ಬೇರೆಯವರು ಎಲ್ಲಿ ಬಡಿಯುತ್ತಾರೆ ಎಂದು ಅವಳು ಕೇಳಲಿಲ್ಲ. ಅವಳ ಊರಿನ ದಾರಿ ಆ ತಿರುವಿನ ಮೇಲೆಯೇ ಹಾಯುತ್ತಿತ್ತು, ನಡೆದೇ ಹೋದಳು. ನಾವೂ ತಿರುವಿನವರೆಗೆ ಅವಳ ಹಿಂದೆ ಹೋದೆವು. ಬಳ್ಳಿಯ ಹತ್ತಿರ ಬಂದು ನಿಂತಳು. ಅಂಚಿನಲ್ಲಿ ಚರಂಡಿ, ಉಳಿದದ್ದೆಲ್ಲ ಹುರುಳಿ. ಕವೆಗೋಲಿನ ಮೇಲೆ ಗಲ್ಲ ಊರಿದ್ದ ಗೌಡರು ಅವಳನ್ನು ನೋಡಿದರು, ನಮ್ಮ ಕಡೆ ನೋಡಿದರು. ಆಮೇಲೆ ಕವೆಗೋಲು ಚುಚ್ಚಿ ಬಳ್ಳಿಯನ್ನು ಒಂದು ಕಡೆಗೆ ಎಳೆದರು, ಮತ್ತೊಮ್ಮೆ ಎಳೆದರು. ಟಾರಿನ ಮೇಲೆ ಒಬ್ಬರು ನಡೆಯುವಷ್ಟು ಕಪ್ಪು ದಾರಿ ಆಯಿತು. ಅವಳು ದಾಟಿಹೋದಳು. ಗೌಡರು ಅದನ್ನು ಮತ್ತೆ ಮುಚ್ಚುತ್ತಾರೆಯೇ ಎಂದು ನಾವೆಲ್ಲ ನೋಡುತ್ತಾ ನಿಂತಿದ್ದೆವು. ಅವರು ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದರು.